ಹೊಸ ಒರಳಿನ ಮೊದಲ ಹಿಟ್ಟು

ಹೊಸ ಒರಳುಕಲ್ಲು ಮನೆಗೆ ಬಂದ ದಿನವೇ ಅದಕ್ಕೆ ದೋಸೆಯ ಅಕ್ಕಿ ಸುರಿಯುವ ಹೆಂಗಸನ್ನು ನಾನು ಕಂಡಿಲ್ಲ. ಮೊದಲು ತೌಡು, ಆಮೇಲೆ ಒಂದು ಹಿಡಿ ನುಚ್ಚು ಹಾಕಿ ರುಬ್ಬಬೇಕು. ಬಂದ ಬೂದುಬಣ್ಣದ ಹಿಟ್ಟನ್ನು ಚೆಲ್ಲಬೇಕು. ಬೆರಳಿಗೆ ಹರಳು ಸಿಗದಂತಾಗುವ ತನಕ ಎರಡು ಮೂರು ಸಲ ಹೀಗೆ ಮಾಡಬೇಕು. ಒರಳು ಮೂಲೆ ಸೇರಿ ಗ್ರೈಂಡರ್ ಬಂದಿದ್ದರೂ ಒಳಗಿರುವುದು ಕಲ್ಲೇ ಆದ್ದರಿಂದ ಶಾಸ್ತ್ರ ಬದಲಾಗಿಲ್ಲ. ಕಲ್ಲಿಗೆ ಕಲ್ಲು ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಪುಡಿ ಮನೆಯವರ ಹೊಟ್ಟೆಗೆ ಹೋಗಬಾರದು, ಅಷ್ಟೇ. ಹೊಸ ಕಾರಿನ ಡಿಫರೆನ್ಷಿಯಲ್ ಎಣ್ಣೆಯನ್ನು ಮೊದಲ ಸಲ ಯಾವಾಗ ಬದಲಿಸಬೇಕು ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಾಗ ಅರ್ಧ ಉತ್ತರ ಈ ಕಲ್ಲಿನಲ್ಲೇ ಇತ್ತು. ಉಳಿದರ್ಧಕ್ಕೆ ಮಾತ್ರ ನಾಲ್ಕು ಜನರನ್ನು ಕೇಳಬೇಕಾಯಿತು.

ನಿನಗೇಕಮ್ಮ ಈ ಉಸಾಬರಿ ಎನ್ನಬೇಡಿ. ಮೂರು ವಾರಕ್ಕೊಮ್ಮೆ ಅತ್ತೆಯನ್ನು ಆಗುಂಬೆ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದು, ಸಂಜೆ ಮತ್ತೆ ಘಾಟಿ ಹತ್ತಿಸಿ ತರುವವಳು ನಾನೇ. ಗಾಲಿಕುರ್ಚಿ ಹಿಡಿಸಲಿ ಎಂದು ಸಾಲ ಮಾಡಿ ಎತ್ತರದ ಬಂಡಿಯೊಂದನ್ನು ಕೊಂಡೆವು. ಘಾಟಿಯಲ್ಲಿರುವುದು 14 ಹೇರ್‌ಪಿನ್ ತಿರುವುಗಳು. ಆ ಹೆಸರಿಟ್ಟವನು ಹೆಂಡತಿಯ ತುರುಬು ನೋಡಿಯೇ ಇಟ್ಟಿರಬೇಕು. ಡಿಫರೆನ್ಷಿಯಲ್ಲಿನ ನಿಜವಾದ ದುಡಿಮೆ ಇರುವುದೇ ಇಂಥ ತಿರುವಿನಲ್ಲಿ.

ಮೊಮ್ಮಗುವಿನ ಕೈ ಹಿಡಿದು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದನ್ನು ನೆನೆಯಿರಿ. ಗರ್ಭಗುಡಿಯ ಕಡೆಗಿರುವ ಮಗುವಿಗಿಂತ ಹೊರಗಿರುವ ಅಜ್ಜಿ ಹೆಚ್ಚು ದೂರ ನಡೆಯಬೇಕು. ಇಬ್ಬರನ್ನೂ ಒಂದೇ ಕೋಲಿಗೆ ಬಿಗಿದರೆ ಒಬ್ಬರು ಕಾಲೆಳೆಯಲೇಬೇಕು. ಕಾರಿನ ಹಿಂದಿನ ಎರಡು ಚಕ್ರಗಳ ಪಾಡೂ ಅದೇ. ಚಕ್ರಗಳ ನಡುವಿನ ಅಗಲ 1.3 ಮೀಟರ್ ಇದ್ದರೆ, ಪೂರ್ತಿ ಹಿಂದಿರುಗುವ ಒಂದು ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ನಾಲ್ಕು ಮೀಟರಿಗೂ ತುಸು ಹೆಚ್ಚು ಓಡಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಎರಡು ವೃತ್ತ ಬರೆದು ತೋರಿಸಿದಳು. ಒಂದೇ ಎಂಜಿನ್ನಿನಿಂದ ಎರಡೂ ಚಕ್ರಕ್ಕೆ ಶಕ್ತಿ ಕೊಟ್ಟು, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್. ಹಬೆಯ ಬಂಡಿಗೆಂದು ಇದನ್ನು ಅಳವಡಿಸಿದವನು ಗಡಿಯಾರದ ಕಸುಬಿನಿಂದ ಬಂದ ಪೆಕ್ಯೂರ್ ಎಂಬ ಫ್ರಾನ್ಸಿನವನು. 1820ರ ದಶಕದ ಕೊನೆಯ ಮಾತು. ಇಷ್ಟು ಸೂಕ್ಷ್ಮ ಹೊಳೆಯಲು ಗಡಿಯಾರದವನೇ ಬೇಕಿತ್ತೇನೋ.

ಬಂಡಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಗಡಿಗೆಯಂಥ ಉಬ್ಬು ಕಾಣುತ್ತದೆ. ಅದರೊಳಗೆ ದೊಡ್ಡದೊಂದು ಕ್ರೌನ್ ವೀಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್ನು. ಪಿನಿಯನ್ನು ಕ್ರೌನಿನ ನಡುಮಧ್ಯಕ್ಕೆ ಸರಿಯಾಗಿ ಕೂರದೆ ತುಸು ಕೆಳಗೆ ಕೂರುತ್ತದೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಈ ಏರ್ಪಾಟು ಬಂದ ಮೇಲೆ ಕಾರಿನ ನೆಲವನ್ನು ತಗ್ಗಿಸಲು ಸಾಧ್ಯವಾಯಿತು. ಆದರೆ ಹೀಗೆ ಕೂತಾಗ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತ ಉಜ್ಜುತ್ತವೆ. ಥೇಟ್ ಗುಂಡುಕಲ್ಲಿನ ಹಾಗೆ. ಆ ಒತ್ತಡ ತಡೆಯಲೆಂದೇ ಈ ಎಣ್ಣೆಗೆ ಗಂಧಕ ಮತ್ತು ರಂಜಕದ ಅಂಶ ಬೆರೆಸುತ್ತಾರೆ. ಕೊಳೆತ ಈರುಳ್ಳಿಯನ್ನು ನೆನಪಿಸುವ ನಾತ ಅದರದೇ.

ಹೊಸ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದ ತರಿಗಳಿರುತ್ತವೆ. ಮೊದಲ ಕೆಲವು ಸಾವಿರ ಕಿಲೋಮೀಟರಿನಲ್ಲಿ ಅವು ಸವೆದು ನುಣುಪಾಗುತ್ತವೆ. ಸವೆದ ಕಬ್ಬಿಣದ ಪುಡಿ ಎಲ್ಲಿಗೆ ಹೋಗಬೇಕು? ಎಂಜಿನ್ ಎಣ್ಣೆಯನ್ನು ಸೋಸಲು ಫಿಲ್ಟರ್ ಇದೆ. ಡಿಫರೆನ್ಷಿಯಲ್ಲಿಗೆ ಸಾಮಾನ್ಯವಾಗಿ ಅದೂ ಇಲ್ಲ. ಕೆಲವು ಬಂಡಿಗಳಲ್ಲಿ ಎಣ್ಣೆ ಇಳಿಸುವ ತಿರುಪಿಗೆ ಒಂದು ಅಯಸ್ಕಾಂತವಿದ್ದು, ಹಿಡಿದಷ್ಟನ್ನು ಹಿಡಿದುಕೊಳ್ಳುತ್ತದೆ. ಉಳಿದದ್ದು ಅದೇ ಎಣ್ಣೆಯಲ್ಲಿ ಸುತ್ತುತ್ತ ಬೇರಿಂಗುಗಳ ನಡುವೆ ನುಸುಳುತ್ತದೆ.

ಅದು ಕೆಟ್ಟರೆ ಏನಾಗುತ್ತದೆಂದು ಭಾವನ ಮನೆಯಲ್ಲಿ ಕಂಡಿದ್ದೆ. ಕೈಬದಲಾಗಿ ಬಂದ ಅವರ ಜೀಪು ವೇಗ ಹಿಡಿದರೆ ಊಳಿಡುತ್ತಿತ್ತು. ಕ್ರೌನು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರಂತೆ. ಒಂದು ಹಾಳಾದರೆ ಇನ್ನೊಂದು ಎಷ್ಟೇ ಗಟ್ಟಿಯಿರಲಿ, ಜೋಡಿಯನ್ನೇ ಬದಲಿಸಬೇಕು. ಭಾವನ ಆ ವರ್ಷದ ಅಡಿಕೆ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ದುಡ್ಡಿನ ಮಾತು ಒತ್ತಟ್ಟಿಗಿರಲಿ, ಸವೆದು ಸವೆದು ಹಲ್ಲು ಮುರಿದು ಸಿಕ್ಕಿಕೊಂಡರೆ ಚಕ್ರ ಇದ್ದಲ್ಲೇ ಬಿಗಿದುಕೊಳ್ಳಬಹುದು. ಮಳೆಗಾಲದ ಘಾಟಿಯಲ್ಲಿ, ಪಕ್ಕದ ಸೀಟಿನಲ್ಲಿ ಸೂಜಿ ಚುಚ್ಚಿಸಿಕೊಂಡು ಸುಸ್ತಾಗಿ ಮಲಗಿದ ಅತ್ತೆ. ಅದನ್ನು ನಾನು ಊಹಿಸಿಕೊಳ್ಳಲಾರೆ.

ಮೊದಲ ಸರ್ವೀಸಿಗೆ ಬಿಟ್ಟಾಗ ಕೌಂಟರಿನ ಹುಡುಗನನ್ನು ಕೇಳಿದೆ. "ಮೇಡಂ, ಅದೆಲ್ಲ ಈಗಿನ ಗಾಡಿಗೆ ಬೇಕಾಗಲ್ಲ. ಸರ್ ಬಂದ್ರೆ ಅವ್ರಿಗೆ ಹೇಳ್ತೀನಿ ಬಿಡಿ" ಎಂದ. ಸರ್ ಇರುವುದು ದೂರದ ಊರಿನ ಕೆಲಸದಲ್ಲಿ. ಬಂಡಿಯ ಡೀಸೆಲ್ ಮುಚ್ಚಳ ಯಾವ ಮಗ್ಗುಲಿಗಿದೆ ಎಂಬುದೂ ಅವರಿಗೆ ನೆನಪಿರುವುದಿಲ್ಲ. ಮಾತು ಬೆಳೆಸದೆ ಮನೆಗೆ ಬಂದು ಬಂಡಿಯ ಜೊತೆ ಕೊಟ್ಟ ಪುಸ್ತಕ ಬಿಡಿಸಿದೆ. ಸರ್ವೀಸಿನ ಕೋಷ್ಟಕದಲ್ಲಿ ಡಿಫರೆನ್ಷಿಯಲ್ಲಿಗೆ ಪ್ರತ್ಯೇಕ ಸಾಲೇ ಇತ್ತು. ಮೊದಲ ಸರ್ವೀಸಿನ ಕೆಳಗೆ 'ಪರೀಕ್ಷಿಸಿ' ಎಂದಷ್ಟೇ ಇತ್ತು. 'ಬದಲಿಸಿ' ಎಂಬುದು ಎಷ್ಟೋ ಸಾವಿರ ಕಿಲೋಮೀಟರಿನ ಆಚೆ.

ಹುಡುಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಈಗ ಹಲ್ಲುಗಳನ್ನು ಕಾರ್ಖಾನೆಯಲ್ಲೇ ಬಹಳ ನುಣುಪಾಗಿ ಉಜ್ಜುತ್ತಾರೆ, ಎಣ್ಣೆಗಳೂ ಸುಧಾರಿಸಿವೆ. ಕೆಲವು ಕಂಪನಿಗಳಂತೂ ಬಂಡಿಯ ಆಯುಷ್ಯವಿಡೀ ಒಂದೇ ಎಣ್ಣೆ ಸಾಕು ಎನ್ನುತ್ತವೆ. ಬಂಡಿಯ ಆಯುಷ್ಯ ಎಂದರೆ ಎಷ್ಟು, ಸಾಲದ ಕಂತು ಮುಗಿಯುವ ತನಕವೋ ಆಮೇಲೂ ಉಂಟೋ ಎಂದು ನನಗಂತೂ ಸಂಶಯ. ಇನ್ನೊಂದು ಕಡೆ, ಕ್ರೌನ್ ಪಿನಿಯನ್ ಜೋಡಿಗಳನ್ನು ಬಿಡಿಯಾಗಿ ಮಾರುವ ಅಮೆರಿಕದ ಕಂಪನಿಗಳು ಹೊಸ ಜೋಡಿ ಕೂರಿಸಿದ ಮೇಲೆ 500 ಮೈಲಿಗೆ, ಎಂದರೆ ಸುಮಾರು 800 ಕಿಲೋಮೀಟರಿಗೇ ಎಣ್ಣೆ ಬದಲಿಸಿ ಎನ್ನುತ್ತವೆ. ಮೊದಮೊದಲು ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ನಿಲ್ಲಿಸಿ ಆರಲು ಬಿಡಬೇಕು, ಭಾರ ಎಳೆಯಬಾರದು ಎಂಬ ಪಥ್ಯವೂ ಉಂಟು, ಬಾಣಂತಿಗೆ ಹೇಳುವ ಹಾಗೆ.

ನಮ್ಮೂರಿನ ಹಳೆಯ ಮೇಸ್ತ್ರಿಗಳನ್ನು ಕೇಳಿದೆ. ಅಂಬಾಸಿಡರ್ ಕಾಲದವರು. "ಅಮ್ಮಾ, ಬಯಲುಸೀಮೇಲಿ ಇಬ್ರು ಕೂತ್ಕೊಂಡು ಓಡಾಡೋ ಗಾಡಿಗೆ ಬುಕ್ಕಲ್ಲಿ ಬರ್ದಂಗೆ ಮಾಡಿ. ನೀವು ಘಾಟಿ ಹತ್ತೋರು. ಒಂದ್ಸಲ ಬೇಗ ತೆಗ್ಸಿಬಿಡಿ, ಆಮೇಲೆ ಬುಕ್ಕಿನ ಲೆಕ್ಕಕ್ಕೇ ಹೋಗಿ" ಎಂದರು. ಎಷ್ಟು ಬೇಗ ಎಂದರೆ, ಸಾವಿರ ದಾಟಿದ ಮೇಲೆ ಐದು ಸಾವಿರದ ಒಳಗೆ ಯಾವಾಗಲಾದರೂ. ತಾವೇ ಮಾಡಿಕೊಡುತ್ತೇನೆ ಎನ್ನಲಿಲ್ಲ. "ವಾರಂಟಿ ಇರೋ ಗಾಡಿ. ಅಲ್ಲೇ ಮಾಡ್ಸಿ, ಪುಸ್ತಕದಲ್ಲಿ ಹೇಳಿರೋ ಎಣ್ಣೆನೇ ಹಾಕ್ಸಿ, ಬಿಲ್ ಇಟ್ಕೊಳ್ಳಿ." ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಬೇರೆಲ್ಲೂ ಸಿಗಲಿಲ್ಲ. ಬೇಕಾದ ಎಣ್ಣೆ ಒಂದೆರಡು ಲೀಟರು. ಕ್ರೌನ್ ಜೋಡಿಯ ಬೆಲೆಯ ಮುಂದೆ ಅದು ಯಾವ ಲೆಕ್ಕ?

ಮತ್ತೆ ಅಲ್ಲಿಗೇ ಹೋಗಿ, ಪಕ್ಕದಲ್ಲೇ ನಿಂತು ಮಾಡಿಸಿದೆ. ಮೇಸ್ತ್ರಿಗಳು ಹೇಳಿಕೊಟ್ಟಂತೆ ಸ್ವಲ್ಪ ದೂರ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆಯೇ ಒಯ್ದೆ. ಮೇಲಿನ, ಎಣ್ಣೆ ತುಂಬುವ ತಿರುಪನ್ನು ಮೊದಲು ಬಿಚ್ಚಿಸಿದೆ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಜಾಮಾಗಿದ್ದರೆ ಬಂಡಿ ಅಲ್ಲಿಂದ ಕದಲುವಂತಿಲ್ಲ. ಹಳೆಯ ಎಣ್ಣೆ ಬೆಳಕಿಗೆ ಮಿರಮಿರ ಮಿನುಗುತ್ತಿತ್ತು. ಅಯಸ್ಕಾಂತದ ಮೇಲೆ ಕಪ್ಪುಬೂದಿಯ ಮುದ್ದೆ. ಎರಡು ಬೆರಳಲ್ಲಿ ಉಜ್ಜಿ ನೋಡಿದೆ: ಕಾಡಿಗೆಯಷ್ಟು ನುಣುಪು. ಹಾಗಿದ್ದರೆ ಭಯವಿಲ್ಲ. ಚಕ್ಕೆ, ಚೂರು ಕೈಗೆ ಸಿಕ್ಕರೆ ಮಾತ್ರ ಒಳಗೇನೋ ಮುರಿದಿದೆ ಎಂದು ಅರ್ಥ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು. 2019ರ ಆಗಸ್ಟಿನ ನೆರೆಯಂಥ ಹೊತ್ತಿನಲ್ಲಿ ಬಿಸಿಯಾದ ಬಂಡಿ ಆಳದ ನೀರಿಗಿಳಿದರೆ, ಆ ಗಡಿಗೆ ತಣಿಯುತ್ತ ತನ್ನ ಉಸಿರುತೂತಿನಿಂದ ನೀರನ್ನೇ ಒಳಗೆಳೆದುಕೊಳ್ಳಬಹುದು. ಆಗ ಕಿಲೋಮೀಟರಿನ ಲೆಕ್ಕ ನೋಡದೆ ಎಣ್ಣೆ ತೆಗೆಸಬೇಕು.

ಅಲ್ಲಿನ ಕೆಲಸಗಾರನೊಬ್ಬ, ಉಳಿದ ಎಣ್ಣೆಯನ್ನು ಗೇರ್ ಬಾಕ್ಸಿಗೂ ಹಾಕಿಬಿಡಲೇ ಎಂದು ಕೇಳಿದ. ಬೇಡವೆಂದೆ. ಡಿಫರೆನ್ಷಿಯಲ್ಲಿನ ಖಾರದ ಎಣ್ಣೆ ಕೆಲವು ಗೇರ್ ಬಾಕ್ಸುಗಳ ಹಿತ್ತಾಳೆ ಉಂಗುರಗಳಿಗೆ ಆಗುವುದಿಲ್ಲ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದಂತೆ.

ಇದನ್ನೋದಿ ಎಲ್ಲರೂ ಎದ್ದು ಹೋಗಿ ಕೇಳಬೇಕಿಲ್ಲ. ಮಾರುತಿ 800ರಿಂದ ಮೊದಲ್ಗೊಂಡು ನಮ್ಮ ಊರುಗಳ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೇ ಶಕ್ತಿ. ಅವುಗಳ ಡಿಫರೆನ್ಷಿಯಲ್ ಗೇರ್ ಬಾಕ್ಸಿನ ಮನೆಯಲ್ಲೇ ಸೇರಿಕೊಂಡಿರುತ್ತದೆ. ಸಾಮಾನ್ಯವಾಗಿ ಇಬ್ಬರಿಗೂ ಒಂದೇ ಎಣ್ಣೆ. ಓಮ್ನಿ, ಬೊಲೆರೊಗಳಂತೆ ಹಿಂದೆ ಗಡಿಗೆ ಹೊತ್ತ ಬಂಡಿಗಳಿಗೆ ಮಾತ್ರ ಈ ಪ್ರತ್ಯೇಕ ಉಪಚಾರ.

ಬಿಲ್ಲಿನ ಮೇಲೆ 'ಗ್ರಾಹಕರ ಕೋರಿಕೆಯಂತೆ' ಎಂದು ಬರೆದುಕೊಟ್ಟರು. ಮನೆಗೆ ಬಂದು ಅತ್ತೆಯ ಔಷಧಿ ಬರೆದಿಡುವ ನೋಟ್‌ಬುಕ್ಕಿನಲ್ಲಿ '2,140 ಕಿ.ಮೀ., ಹಿಂದಿನ ಎಣ್ಣೆ' ಎಂದು ಒಂದು ಸಾಲು ಸೇರಿಸಿದೆ. ಅದರ ಮೇಲಿನ ಸಾಲು ಮಣಿಪಾಲಕ್ಕೆ ಹೋಗಬೇಕಾದ ಮುಂದಿನ ಬುಧವಾರ. ಕೆಳಗಿನದು ಹಾಲಿನವನ ಬಾಕಿ.