ಮುಂಬಯಿಯಲ್ಲಿ ಎದ್ದು ನಿಂತ ಶಹಾಬಾದಿ ಕಲ್ಲು

ಮುಂಬಯಿಯ ಹಳೆಯ ಚಾಳುಗಳಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಶಹಾಬಾದಿ ಲಾದಿಯ ತಂಪು ಗೊತ್ತು. ಅಡುಗೆಮನೆಯ ಕಟ್ಟೆ, ಮೋರಿ, ವರಾಂಡ ಎಲ್ಲೆಡೆ ಅದೇ ಬೂದುಬಣ್ಣದ ಚಪ್ಪಡಿ. ಅದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲು ಎಂಬುದು ಇಲ್ಲಿನ ಅನೇಕರಿಗೆ ತಿಳಿಯದು.

ಮುಂಬಯಿಯ ನೆಲ ಜ್ವಾಲಾಮುಖಿ ಉಗುಳಿದ ಬಸಾಲ್ಟ್ ಶಿಲೆಯದು. ಸುಣ್ಣಕಲ್ಲು ಹೊರಗಿನಿಂದಲೇ ಬರಬೇಕು. ಕೋಟೆ ಪ್ರದೇಶದ ಹಳೆಯ ಕಟ್ಟಡಗಳ ಕೆತ್ತನೆಗೆ ಗುಜರಾತಿನ ಪೋರಬಂದರದಿಂದ ಬಂತು. ನೆಲಕ್ಕೆ ನಮ್ಮ ಕಡೆಯಿಂದ ಬಂತು. 1871ರಲ್ಲಿ ರಾಯಚೂರು ಮುಟ್ಟಿದ ಮುಂಬಯಿ ರೈಲುಮಾರ್ಗ ಶಹಾಬಾದನ್ನು ಹಾದೇ ಹೋಗುತ್ತದೆ.

ಇಲ್ಲಿ ಕಾಲಡಿಯ ಈ ಕಲ್ಲು ಅಲ್ಲಿ ಇಡೀ ಮನೆ. ಚಿತ್ತಾಪುರ, ಸೇಡಂ ಕಡೆ ಹೋದರೆ ಗೋಡೆಯೂ ಅದೇ, ಮಾಳಿಗೆಯ ಹಾಸೂ ಅದೇ, ಹಿತ್ತಲಿಗೆ ಸಾಲಾಗಿ ನೆಟ್ಟ ಬೇಲಿಯೂ ಅದೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನೂ ಅಲ್ಲಿನ ಸುಣ್ಣಕಲ್ಲಿನಿಂದಲೇ ಕಟ್ಟಿದ್ದಾರೆ.

ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಪಕ್ಕದ ಚಾಳನ್ನು ರಿಡೆವಲಪ್‌ಮೆಂಟಿಗೆಂದು ಕೆಡವಿದಾಗ ಲಾದಿಗಳು ಡೆಬ್ರಿ ಲಾರಿಗೆ ಕಾಯುತ್ತ ಬಿದ್ದಿದ್ದವು. ನಾವು ನಾಲ್ಕು ಮನೆಯವರು ಸೇರಿ ಅವನ್ನು ಕೊಂಡೆವು. ತೋಟದ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಮೊಣಕಾಲೆತ್ತರದ ಗೋಡೆ ಬೇಕಿತ್ತು. ಗುತ್ತಿಗೆದಾರ ನಾಕಾದಿಂದ ಒಬ್ಬ ಮಿಸ್ತ್ರಿ, ಒಬ್ಬ ಬಿಗಾರಿಯನ್ನು ಕರೆತಂದ. ಮಿಸ್ತ್ರಿ ಸಿಮೆಂಟು ಚೀಲ ಬಿಚ್ಚುತ್ತಿದ್ದಾಗ ಬಿಗಾರಿ ಒಂದು ಕಲ್ಲನ್ನೆತ್ತಿ ಬೆರಳಿನಿಂದ ಬಡಿದು ನೋಡಿದರು. "ಇದು ನಮ್ಮ ಕಡಿ ಪರಸಿ ಅದ ರೀ, ಸರ್" ಎಂದರು. ಐವತ್ತು ದಾಟಿದವರು. ಊರಲ್ಲಿ ಕಲ್ಲುಗಣಿಯಲ್ಲಿ ಕಲ್ಲು ಸೀಳಿ, ಮನೆ ಕಟ್ಟಿ ಬೆಳೆದವರು. ಹನ್ನೆರಡು ವರ್ಷದಿಂದ ಮುಂಬಯಿಯಲ್ಲಿ ರೇತಿ ಹೊರುತ್ತಿದ್ದಾರೆ.

ನಾವು ಕೆಲಸವನ್ನು ಅವರಿಗೇ ಕೊಟ್ಟೆವು. ಮೊದಲು ಗಟ್ಟಿ ನೆಲ ಸಿಗುವವರೆಗೆ ಒಂದಡಿ ಅಗೆದರು. ಅಗಲವಾದ ಕಲ್ಲುಗಳು ತಳಕ್ಕೆ. "ಕಲ್ಲು ಹ್ಯಾಂಗ ಹುಟ್ಯದೋ ಹಂಗ ಮಲಗಿಸಬೇಕು" ಎಂದು ಪದರು ನೋಡಿ ಅಡ್ಡಲಾಗಿಯೇ ಇಟ್ಟರು. ಎರಡು ಕಲ್ಲು ಕೂಡಿದ ಸಂದಿನ ಮೇಲೆ ಮೂರನೆಯ ಕಲ್ಲಿನ ನಡು ಬರಬೇಕು. ಅಲ್ಲಲ್ಲಿ ಒಂದು ಉದ್ದ ಕಲ್ಲು ಮಣ್ಣಿನೊಳಗೆ ಹೋಗಿ ಗೋಡೆಯನ್ನು ಹಿಡಿಯಬೇಕು. ಗೋಡೆ ಮಣ್ಣಿನ ಕಡೆಗೆ ತುಸು ವಾಲಿರಬೇಕು. ಬೆನ್ನಿಗೆ ಜಲ್ಲಿ ತುಂಬಿದರು, ಸಿಮೆಂಟು ಮಾತ್ರ ಮುಟ್ಟಲಿಲ್ಲ. ಸಂದು ಮುಚ್ಚಿದರೆ ಮಳೆನೀರು ಹಿಂದೆ ನಿಂತು ಗೋಡೆಯನ್ನೇ ದೂಡುತ್ತದೆ. ಬಿಟ್ಟರೆ ತಾನಾಗಿ ಸೋರಿ ಹೋಗುತ್ತದೆ. ಆ ಸಿಮೆಂಟಿಗೂ ಇದೇ ಸುಣ್ಣಕಲ್ಲೇ ಬೇಕು. ಶಹಾಬಾದಿನ ಪಕ್ಕದ ವಾಡಿಯಲ್ಲಿ ಅದಕ್ಕಾಗಿಯೇ ದೊಡ್ಡ ಕಾರ್ಖಾನೆಯಿದೆ.

ಹೋಗುವಾಗ ಒಂದು ಎಚ್ಚರಿಕೆ ಹೇಳಿದರು: ಕಲೆ ತೆಗೆಯಲು ಆಸಿಡ್ ಹಾಕಬೇಡಿ, ಸುಣ್ಣಕಲ್ಲನ್ನು ಅದು ತಿನ್ನುತ್ತದೆ. ನೀರು, ಬ್ರಷ್ ಸಾಕು.

ಎರಡು ಮಳೆಗಾಲ ಕಳೆದಿವೆ, ಒಂದು ಕಲ್ಲೂ ಅಲುಗಿಲ್ಲ. ಆ ನಾಲ್ಕು ದಿನ ಅವರಿಗೆ ಮಿಸ್ತ್ರಿಯ ಕೂಲಿ ಸಿಕ್ಕಿತು. ಐದನೆಯ ದಿನ ಬೆಳಿಗ್ಗೆ ನಾಕಾದಲ್ಲಿ ಮತ್ತೆ ಬಿಗಾರಿಗಳ ಸಾಲಿನಲ್ಲಿ ನಿಂತಿದ್ದರು. ಬ್ಲಾಕ್ ಜೋಡಿಸುವ ಊರಿನಲ್ಲಿ ಕಲ್ಲು ಬಲ್ಲವರನ್ನು ಕೇಳುವವರಿಲ್ಲ. ನಿಮ್ಮ ಪಕ್ಕದಲ್ಲಿ ಹಳೆಯ ಚಾಳು ಬೀಳುತ್ತಿದ್ದರೆ ಲಾದಿಗಳನ್ನು ಕೇಳಿ ಇಟ್ಟುಕೊಳ್ಳಿ. ಆಮೇಲೆ ನಾಕಾಕ್ಕೆ ಹೋಗಿ ಕನ್ನಡದಲ್ಲಿ ವಿಚಾರಿಸಿ, ಕಟ್ಟುವವರು ಅಲ್ಲೇ ಇರಬಹುದು.