ಹ್ಯೂಸ್ಟನ್ ಮಗ್ಗಿ

ಮಗ್ಗಿಯನ್ನು ರಾಗವಾಗಿ ಹೇಳಿಸಿದರೆ ಎಂಥ ಮಕ್ಕಳಿಗೂ ಲೆಕ್ಕ ಹತ್ತುತ್ತದೆ ಎನ್ನುವುದು 1990ರ ದಶಕದಲ್ಲಿ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಮೇಷ್ಟ್ರುಗಳಿಗೆ ಅದು ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಹ್ಯೂಸ್ಟನ್ನಿನ ಬಡ ಬಡಾವಣೆಯೊಂದರ ಶಾಲೆಯಲ್ಲಿ ಹ್ಯಾರಿಯೆಟ್ ಬಾಲ್ ಎಂಬ ಆಳೆತ್ತರದ ಮೇಡಂ ಇದ್ದರು. ಹಾಡಿ, ಚಪ್ಪಾಳೆ ತಟ್ಟಿ, ಮಕ್ಕಳ ಬಾಯಲ್ಲಿ ಲೆಕ್ಕ ಉರುಳಿಸುತ್ತಿದ್ದರು. ಹೊಸದಾಗಿ ಸೇರಿ ತರಗತಿ ಹತೋಟಿಗೆ ಬಾರದೆ ಒದ್ದಾಡುತ್ತಿದ್ದ ಡೇವ್ ಲೆವಿನ್ ಎಂಬ ಮೇಷ್ಟ್ರು ಈ ಮೇಡಂ ಪಾಠ ನೋಡಿ ಕಲಿತರು. ಗೆಳೆಯ ಮೈಕ್ ಫೈನ್‌ಬರ್ಗ್ ಜೊತೆ ಸೇರಿ 1994ರಲ್ಲಿ ಐದನೇ ಕ್ಲಾಸಿನ ಮಕ್ಕಳನ್ನಿಟ್ಟುಕೊಂಡು 'ಕಿಪ್' ಎಂಬ ಕಲಿಕೆಯ ಕಾರ್ಯಕ್ರಮ ಶುರುಮಾಡಿದರು. ಮರುವರ್ಷವೇ ಅದು ನ್ಯೂಯಾರ್ಕಿನ ಬ್ರಾಂಕ್ಸ್‌ಗೂ ಬಂತು.

ಕಿಪ್‌ನವು ಈಗ ಚಾರ್ಟರ್ ಶಾಲೆಗಳು. ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದು, ಫೀಸು ಇಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ನಮ್ಮಲ್ಲಿ ಆರ್‌ಟಿಇ ಕಾಯ್ದೆಯಡಿ ಖಾಸಗಿ ಶಾಲೆಯ ಸೀಟು ಕೊಡುವ ಲಾಟರಿಗೆ ಮುಡಿಪು ಕಟ್ಟಿಕೊಂಡ ತಾಯಂದಿರನ್ನು ನಾನು ಬಲ್ಲೆ. 2019ರಲ್ಲಿ ನಿಯಮ ಬದಲಾಗಿ, ಹತ್ತಿರ ಸರ್ಕಾರಿ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದಾಯಿತು. ದೇವರಿಗೂ ಆ ಮಟ್ಟಿಗೆ ಕೆಲಸ ಕಡಿಮೆಯಾಯಿತು.

ನನ್ನ ಅಕ್ಕನ ಮಗಳು ಬ್ರಾಂಕ್ಸ್‌ನ ಇಂಥದೇ ಒಂದು ಶಾಲೆಯಲ್ಲಿ ಟೀಚರ್. ಅವಳು ಹೇಳಿದಂತೆ, ಕಿಪ್ ಶುರುವಾದಾಗ ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದರವರೆಗೆ ಪಾಠ, ಶನಿವಾರವೂ ಶಾಲೆ, ಬೇಸಿಗೆಯಲ್ಲೂ ಒಂದಿಷ್ಟು. ಟೀಚರು, ಅಪ್ಪ-ಅಮ್ಮ, ಮಗು, ಎಲ್ಲರೂ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಇದನ್ನು ಕೇಳಿ ನನಗೆ ಪ್ರೋಗ್ರೆಸ್ ಕಾರ್ಡುಗಳು ನೆನಪಾದವು. ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕುವ ಹುಡುಗರು ನಾನು ಪಾಠ ಮಾಡುತ್ತಿದ್ದ ಕ್ಲಾಸಿನಲ್ಲಿದ್ದರು. ಹೆಬ್ಬೆಟ್ಟಿನ ಅಪ್ಪಂದಿರ ಮಕ್ಕಳೂ ಇಂಗ್ಲಿಷಿನಲ್ಲಿ ಸಹಿ ತರುತ್ತಿದ್ದರು.

ಅತಿ ಶಿಸ್ತು ಅಂತ ಈ ಶಾಲೆಗಳನ್ನು ಬೈಯುವವರಿದ್ದಾರೆ. ಕೂರುವುದಕ್ಕೂ ತಲೆಯಾಡಿಸುವುದಕ್ಕೂ ಪದ್ಧತಿ ಹೇಳಿಕೊಟ್ಟರಂತೆ. ತಲೆಯಾಡಿಸುವುದನ್ನು ನಮ್ಮ ಮಕ್ಕಳಿಗೆ ಕಲಿಸಬೇಕಾಗಿರಲಿಲ್ಲ. ಅರ್ಥವಾಗದಿದ್ದಾಗ ಇನ್ನೂ ಜೋರಾಗಿ ಆಡಿಸುತ್ತಿದ್ದವು. ದುಡಿದು ದುಡಿದು ಸೋತು ಬಿಟ್ಟುಹೋಗುವ ಟೀಚರುಗಳೂ ಬಹಳ. ನಮ್ಮ ಹುಡುಗಿಯ ಕಣ್ಣ ಕೆಳಗಿನ ಕಪ್ಪು ನೋಡಿದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ರಾತ್ರಿ ಹೋಂವರ್ಕಿನಲ್ಲಿ ಸಿಕ್ಕಿಕೊಂಡರೆ ಫೋನ್ ಮಾಡಿ ಎಂದು ಮಕ್ಕಳಿಗೆ ನಂಬರ್ ಕೊಡುವುದೂ ಕಿಪ್‌ನಿಂದಲೇ ಹೆಸರಾದ ಪದ್ಧತಿ. ನಾನು ಅವಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವಳು ಅನ್ನಕ್ಕೆ ಸಾರು ಕಲಸಿಕೊಂಡಿದ್ದಳು, ಫೋನ್ ಬಂತು. ಎಡಗೈಯಲ್ಲಿ ಹಿಡಿದು, ಬಲಗೈಯ ಅನ್ನವನ್ನೇ ತಟ್ಟೆಯಲ್ಲಿ ನಾಲ್ಕು ಪಾಲು ಮಾಡಿ, ತನಗೇ ತೋರಿಸಿಕೊಳ್ಳುತ್ತ ಭಿನ್ನರಾಶಿ ಹೇಳಿದಳು. ನನ್ನ ಕಾಲದಲ್ಲಿ ಹುಡುಗರು ಮನೆ ಬಾಗಿಲಿಗೇ ಬರುತ್ತಿದ್ದರು. ಲೆಕ್ಕ ಕೇಳುವುದಕ್ಕಲ್ಲ, ನಾಳೆ ರಜವಾ ಅಂತ ಕೇಳುವುದಕ್ಕೆ.

ನಾನು ತಡೆಯಲಾರದೆ ಪಕ್ಕದಿಂದ ಕಾಲು, ಅರೆ, ಮುಕ್ಕಾಲು ಅಂತ ರಾಗ ಎಳೆದೆ. ಅತ್ತ ಹುಡುಗ ಯಾರದು ಎಂದು ಕೇಳಿದನಂತೆ. ಚಿಕ್ಕಮ್ಮ, ಅವರೂ ಟೀಚರು ಅಂದಳು. ಹಾಗಾದರೆ ಅವರ ನಂಬರೂ ಕೊಡಿ ಅಂದನಂತೆ.

"ಕೊಡೇ," ಅಂದೆ.

"ಚಿಕ್ಕಮ್ಮಾ, ಮುಂದಿನ ತಿಂಗಳು ನೀವು ಊರಲ್ಲಿರ್ತೀರ. ಅವನಿಗೆ ಸಂಜೆ ಏಳು ಗಂಟೆ ಅಂದ್ರೆ ನಿಮಗೆ ಬೆಳಗಿನ ಜಾವ ನಾಲ್ಕೂವರೆ!"

"ಇರಲಿ ಬಿಡು, ನಾನು ಆ ಹೊತ್ತಿಗೆ ಎದ್ದೇ ಇರ್ತೀನಿ."