ಅಜ್ಜೀಪುರದವರು ಕಡಲ ಹಕ್ಕಿ ನೋಡಿದ್ದು

ಹನೂರು ಸೀಮೆಯ ಅಜ್ಜೀಪುರದಿಂದ ಕರಾವಳಿಗೆ ಟೂರು ಹೊರಡುವುದಕ್ಕೆ ಒಂದು ಕ್ರಮವಿದೆ. ಮೊದಲು ಸುಬ್ರಹ್ಮಣ್ಯ, ಆಮೇಲೆ ಧರ್ಮಸ್ಥಳ, ಕೊನೆಗೆ ಮಂಗಳೂರು. ದೇವರ ದರ್ಶನ ಮುಗಿಯದೆ ಕಡಲಿಗೆ ಕಾಲಿಡುವಂತಿಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಹೊರಟ ಒಂದು ಸಂಸಾರವೂ ಇದೇ ಕ್ರಮ ಹಿಡಿದಿತ್ತು. ಟೆಂಪೋ ಟ್ರಾವೆಲರ್ ತುಂಬ ಜನ, ಸೀಟಿನಡಿ ಪುಳಿಯೋಗರೆ, ಹುರಿಗಡಲೆ, ಚಕ್ಕುಲಿ. ಕಿಟಕಿ ಪಕ್ಕ ಬೈನಾಕ್ಯುಲರ್ ನೇತುಹಾಕಿಕೊಂಡ ಪಿಯುಸಿ ಹುಡುಗಿ. ಹಕ್ಕಿ ನೋಡುವ ಗೀಳು ಇಡೀ ಗಾಡಿಯಲ್ಲಿ ಅವಳೊಬ್ಬಳಿಗೇ.

ಸಂಸಾರದ ಜೊತೆ ಹೊರಟ ಹಕ್ಕಿಗೀಳಿನವರಿಗೆ ಸ್ವಂತ ವೇಳಾಪಟ್ಟಿ ಇರುವುದಿಲ್ಲ. ಯಾರಿಗೋ ವಾಂತಿ ಬಂದು ಗಾಡಿ ನಿಂತರೆ ಅಲ್ಲೇ ಮಂಗಟ್ಟೆ ಹುಡುಕಬೇಕು, ಚಹಾಕ್ಕೆ ನಿಂತರೆ ಅಲ್ಲೇ ಕಾಜಾಣ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಆದದ್ದೂ ಹಾಗೇ. ಚಿಕ್ಕಪ್ಪನ ಮಗನ ಹೊಟ್ಟೆ ತೊಳಸಿದ್ದರಿಂದ ಹುಡುಗಿಗೆ ಪಿಕಳಾರಗಳ ಒಂದು ಹಿಂಡು ಸಿಕ್ಕಿತು.

ಹಾಗಂತ ಅಜ್ಜೀಪುರವೇನು ಹಕ್ಕಿಗೆ ಬಡ ಊರಲ್ಲ. ಉಡುತೊರೆ ಜಲಾಶಯದ ನೀರಿನಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ. ಕರೆಂಟು ತಂತಿಯ ಮೇಲೆ ನೀಲಕಂಠ. ಬಾವಿಗೆ ಬಾಗಿದ ಕೊಂಬೆಯಲ್ಲಿ ಗೀಜಗನ ಗೂಡು. ಬಿತ್ತಿದ ಜೋಳ ಕೆದಕುವ ನವಿಲು. ಅಜ್ಜಿಯ ತಕರಾರಿಗೆ ಇದೇ ಆಧಾರ. “ಯಾನ ಮೊಗ, ಇಷ್ಟು ದೂರ ಬಂದು ಬೆಳ್ಳಕ್ಕಿಯ ನೋಡ್ತ ನಿಂತಿದ್ದಯಲ್ಲ, ಅದು ನಮ್ಮೂರ್ಲಿ ಇಲ್ವ?”

ಇದೆ. ಆದರೆ ಕಡಲ ಹಕ್ಕಿ ಇಲ್ಲ. ಹಕ್ಕಿಶಾಸ್ತ್ರಜ್ಞ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದಿದ್ದರು. ಆ ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಅಜ್ಜೀಪುರವಿದ್ದ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಂಗಳೂರೂ ಮದರಾಸಿನದೇ, ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಎರಡೂ 1956ರ ನವೆಂಬರ್ 1ರಂದು ಒಂದೇ ದಿನ ಮೈಸೂರು ರಾಜ್ಯಕ್ಕೆ ಬಂದವು. ಅಜ್ಜೀಪುರದ ನವಿಲಿಗೂ ಮಂಗಳೂರಿನ ಕಡಲಕ್ಕಿಗೂ ಅಷ್ಟರಮಟ್ಟಿಗೆ ಹಳೆಯ ನೆಂಟಸ್ತಿಕೆ.

ಮಂಗಳೂರಿನಲ್ಲಿ ಹುಡುಗಿ ಹಟ ಹಿಡಿದು ಮನೆಮಂದಿಯನ್ನು ಬೆಳಗ್ಗೆಯೇ ಹಳೇ ಬಂದರಿನ ಧಕ್ಕೆಗೆ ಎಳೆದೊಯ್ದಳು. ದೋಣಿಗಳಿಂದ ಬುಟ್ಟಿಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತಿತ್ತು. ಐಸು ಕುಟ್ಟುವ ಸದ್ದು, ಹರಾಜಿನ ಕೂಗು, ಕಾಲಡಿ ಮೀನು ತೊಳೆದ ನೀರು. ಮೇಲೆ ಗರುಡ.

ಗರುಡ ಕಂಡರೆ ಕೈಮುಗಿಯುವುದು ಅಜ್ಜಿಯ ರೂಢಿ. ಊರಿನಲ್ಲಿ ಅಪರೂಪಕ್ಕೊಂದು ಜಲಾಶಯದ ಮೇಲೆ ಸುತ್ತಿದರೆ ಆ ದಿನ ಒಳ್ಳೆಯದಾಯಿತೆಂದೇ ಲೆಕ್ಕ. ಇಲ್ಲೂ ಮೊದಲನೆಯದಕ್ಕೆ ಸೆರಗು ಸರಿಮಾಡಿಕೊಂಡು ಕೈಮುಗಿದರು, ಎರಡನೆಯದಕ್ಕೂ ಮುಗಿದರು. ಅಷ್ಟರಲ್ಲಿ ಐಸಿನ ಲಾರಿಯ ಮೇಲೊಂದು, ಪಟಸ್ತಂಭದ ಮೇಲೆ ಮೂರು, ನೀರಿನ ಮೇಲೆ ಏಳೆಂಟು. ಕೆಳಗಿಳಿಸಿದ ಕೈ ಮತ್ತೆ ಮೇಲೇಳಲಿಲ್ಲ. “ಇಷ್ಟೊಂದ ಯಾರು ಮುಗ್ದಾರು!”

ಹುಡುಗಿ ಪಾಠ ಶುರುಮಾಡಿದಳು. ತಲೆ, ಎದೆ ಬೆಳ್ಳಗೆ, ಉಳಿದ ಮೈ ಇಟ್ಟಿಗೆಗೆಂಪು ಇದ್ದರೆ ಬಲಿತ ಗರುಡ. ಮರಿಗೆ ಆ ಬಣ್ಣವಿಲ್ಲ; ಮೈಯೆಲ್ಲ ಕಂದಾಗಿದ್ದು ಹದ್ದೆಂದೇ ಮೋಸಹೋಗಬೇಕು. ಆಗ ಬಾಲ ನೋಡಬೇಕು. ಹದ್ದಿನ ಬಾಲದ ತುದಿ ಕವಲು, ಗರುಡನದು ಗುಂಡು. ಮಿಂಚುಳ್ಳಿಯಂತೆ ಇದು ನೀರಿಗೆ ಧುಮುಕುವುದಿಲ್ಲ. ತಗ್ಗಿ ಹಾರಿಬಂದು, ಚೆಲ್ಲಿದ ಮೀನನ್ನು ಕಾಲಿನಿಂದಷ್ಟೇ ಎತ್ತಿಕೊಂಡು, ಎಷ್ಟೋ ಸಲ ಹಾರುತ್ತಲೇ ಕಿತ್ತು ತಿನ್ನುತ್ತದೆ. ಒಂದರ ಕಾಲಿನಿಂದ ಬೂತಾಯಿ ಜಾರಿತು. ಅದು ನೀರು ಮುಟ್ಟುವ ಮೊದಲೇ ಇನ್ನೊಂದು ಹಿಡಿಯಿತು. ವಿಷ್ಣುವಿನ ವಾಹನ ಹೀಗೆ ಕಸಿದು ತಿನ್ನುವುದನ್ನು ಅಜ್ಜಿ ನೋಡಿದ್ದು ಅದೇ ಮೊದಲು.

ಬುಟ್ಟಿ ಹೊತ್ತ ಮೀನಿನ ಹೆಂಗಸೊಬ್ಬರಿಗೆ ಈ ಗುಂಪು ಕಂಡು ನಗು. “ಎಂತ ಮಾರಾಯ್ರೆ, ಮೀನು ಬೇಡವಾ? ಹಕ್ಕಿ ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ?” ಮಳೆಗಾಲದಲ್ಲಿ ಬಂದಿದ್ದರೆ ಈ ಸಂತೆ ಇರುತ್ತಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ನಿಂತರೆ ಧಕ್ಕೆಯ ಎಂಜಲೂ ನಿಂತಿತು. ಗರುಡ ಮತ್ತೆ ಹೊಳೆ, ಗದ್ದೆ, ಏಡಿಗಳ ಕಡೆಗೆ ತಿರುಗಬೇಕು.

ಸಂಜೆ ಟಿಪ್ಪುವಿನ ಕಾಲದ ಕಾವಲುಗೋಪುರ ಸುಲ್ತಾನ್ ಬತ್ತೇರಿಯಿಂದ ಗುರುಪುರ ಹೊಳೆ ದಾಟಿ ತಣ್ಣೀರುಬಾವಿಗೆ. ಇಲ್ಲಿ ಹಕ್ಕಿಗಳ ಗಡಿಯಾರ ಉಬ್ಬರ ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ನೀರು ಇಳಿದಾಗ ಬಯಲಾದ ಒದ್ದೆ ನೆಲದಲ್ಲಿ ಹುಳು, ಸಣ್ಣ ಏಡಿ. ಸ್ಯಾಂಡ್ ಪ್ಲೋವರ್ ಎಂಬ ಗುಬ್ಬಿಗಿಂತ ತುಸು ದೊಡ್ಡ ಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುತ್ತಿದ್ದವು. ಅಲ್ಲೇ ಅಜ್ಜಿಗೆ ಬೆಳ್ಳಕ್ಕಿಯೂ ಸಿಕ್ಕಿತು. ಆದರೆ ಮೈ ಬೂದಿ ಬಣ್ಣ, ಗಂಟಲು ಮಾತ್ರ ಬಿಳಿ! ಕಡಲಂಚಿನ ಈ ಜಾತಿಯಲ್ಲಿ ಬಿಳಿಯವೂ ಇವೆ, ಬೂದಿಯವೂ ಇವೆ. “ಇದು ನಮ್ಮೂರದಲ್ಲ ಬುಡು” ಎಂದು ಅಜ್ಜಿ ಒಪ್ಪಿಕೊಂಡರು.

ನೀರಿನ ಮೇಲೆ ಕಡಲಕ್ಕಿಗಳ ದಂಡು. ಅವುಗಳಲ್ಲಿ ಕಂದುತಲೆಯ ಜಾತಿ ಮರಿ ಮಾಡುವುದು ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳ ದಡದಲ್ಲಿ. ಚಳಿಗಾಲಕ್ಕೆ ಇಲ್ಲಿಗೆ ಬರುವಾಗ ತಲೆ ಬಿಳಿಚಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಉಳಿದಿರುತ್ತದೆ. ವಾಪಸು ಹೊರಡುವ ಹೊತ್ತಿಗೆ ಕಂದು ಟೊಪ್ಪಿಗೆ ಮರಳುತ್ತದೆ. ಇದನ್ನು ಕೇಳಿ ಚಿಕ್ಕಪ್ಪ ತಮ್ಮ ಬೋಳುತಲೆ ಸವರಿಕೊಂಡರು.

ಅದೇ ಲಡಾಖ್, ಟಿಬೆಟ್, ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕಡಲಿಗೆ ಹೋಗದೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಇಳಿಯುತ್ತವೆ. ಹುಡುಗಿ ಈ ಸುದ್ದಿಯನ್ನು ವಾಪಸು ದಾರಿಗೆಂದೇ ಇಟ್ಟುಕೊಂಡಿದ್ದಳು. ಮೈಸೂರು ಹತ್ತಿರವಾಗುತ್ತಲೇ ಬಾಯಿಬಿಟ್ಟಳು. ಡ್ರೈವರು ಡೀಸೆಲ್ ಲೆಕ್ಕ ಹೇಳಿದ, ಅಪ್ಪ ಗಡಿಯಾರ ನೋಡಿಕೊಂಡರು, ಅವ್ವ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದರು. ಅಜ್ಜಿ ಮಾತ್ರ ಡಬ್ಬಿ ತೆರೆದು ಉಳಿದ ಚಕ್ಕುಲಿ ಎಣಿಸಿ, “ಹೆಂಗೂ ನಂಜುಂಡೇಶ್ವರನ ಗುಡಿ ಅಲ್ಲೇ ಅದಲ್ಲ, ತಿರುಗ್ಸು ಗಾಡಿಯ” ಎಂದರು.